ಅಟ್ಟದ ಮೇಲೆ ಉಳಿದ ಅರ್ಧ

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಅರಳಗುಪ್ಪೆಯ ಆಚೆಗಿನ ತೋಟದ ಮನೆಯಲ್ಲಿ ಅಂದು ಅಟ್ಟದ ಕಾಯಿ ಇಳಿಸುವ ಕೆಲಸ.

ಹೋದ ವರ್ಷ ಇದೇ ಹೊತ್ತಿಗೆ ಅಟ್ಟಕ್ಕೇರಿದ ತೆಂಗಿನಕಾಯಿಗಳು ಈಗ ಒಳಗೊಳಗೇ ನೀರಿಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕೊಬ್ಬರಿಯಾಗಿದ್ದವು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಹಾಗೆಂದ ಕಾಯಿ ಕೆಳಕ್ಕೆ, ಸುಮ್ಮನಿದ್ದ ಕಾಯಿ ಪಕ್ಕಕ್ಕೆ.

ಸಿದ್ದಗಂಗ ಅಟ್ಟದ ಮೇಲೆ ಕುಕ್ಕರಗಾಲಲ್ಲಿ ಕೂತು ಅದೇ ಕೆಲಸ ಮಾಡುತ್ತಿದ್ದಳು. ಮೂಗಿಗೆ ಸೆರಗು ಕಟ್ಟಿದ್ದಳು. ಅಂಗಳದಲ್ಲಿ ನೊಣವಿನಕೆರೆಯ ಲಕ್ಕಯ್ಯ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ, ತಿರುವಿ, ಮಟ್ಟೆ ಸುಲಿಯುತ್ತಿದ್ದ. ಸೋದರತ್ತೆ ಹುಚ್ಚಕ್ಕ ಮಚ್ಚಿನ ಬೆನ್ನಿನಿಂದ ಸುತ್ತಲೂ ತಟ್ಟಿ ಚಿಪ್ಪು ಬಿಡಿಸಿ, ಇಡೀ ಕೊಬ್ಬರಿಯನ್ನು ಸೀಳದಂತೆ ಹೊರಗೆ ತೆಗೆಯುತ್ತಿದ್ದಳು.

"ಲಕ್ಕಣ್ಣಾ..."

ಕೆಳಗಿನಿಂದ ಬಂದ ಆ ದನಿಗೆ ಸಿದ್ದಗಂಗಳ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು.

ಇದು... ಇವನು ಯಾಕೆ ಬಂದ ಇಲ್ಲಿಗೆ?

ಅಟ್ಟದ ಬಾಯಿಂದ ಬಗ್ಗಿ ನೋಡಿದಳು. ಸೂರ್ಯಪ್ರಕಾಶ್! ತಲೆಯ ಮುಂದಿನ ಕೂದಲು ಇನ್ನೂ ಗಿಡ್ಡ. ಕಾರ್ತಿಕದಲ್ಲಿ ತಾಯಿಗೆ ಬೆಂಕಿ ಕೊಟ್ಟು ತೆಗೆಸಿದ್ದು, ಈಗ ಬೆಳೆಯುತ್ತಿದೆ. ಆ ತಲೆಯನ್ನು ಕಂಡ ಕೂಡಲೇ ಅವಳ ಎದೆಯೊಳಗೆ ಏನೋ ಮುರುಟಿಕೊಂಡಿತು. ಅವನ ತಾಯಿ ದ್ರಾಕ್ಷಾಯಣಮ್ಮ ಹೋದ ಸುದ್ದಿ ಅವಳಿಗೂ ಮುಟ್ಟಿತ್ತು. ಅವಳು ಹೋಗಿರಲಿಲ್ಲ.

"ಬೀಗದ ಕೈ ಕೊಟ್ಟು ಹೋಗೋಣ ಅಂತ ಬಂದೆ ಕಣಣ್ಣ. ನೊಣವಿನಕೆರೆ ಮನೆ ನಿನ್ ಕಣ್ಣಲ್ಲಿರಲಿ. ಸಾಯಂಕಾಲದ ಬಸ್ಸಿಗೆ ಮೈಸೂರಿಗೆ ಹೊರಟುಬಿಡ್ತೀನಿ."

"ಮತ್ತೆ ಯಾವಾಗ ಬರಾದು?"

"ಬಂದು ಏನ್ ಮಾಡ್ಲಿ? ಯಾರವ್ರೆ ಇಲ್ಲಿ?"

ಲಕ್ಕಯ್ಯ ಕೀಲಿಯನ್ನು ಉಡಿದಾರಕ್ಕೆ ಗಂಟು ಹಾಕಿಕೊಂಡ. "ಕೂತ್ಕಳಪ್ಪ, ಇದೊಂದು ರಾಶಿ ಮುಗಿಸ್ಬುಡ್ತೀನಿ. ಗಾಡೀಲಿ ನಾನೇ ತಿಪಟೂರಿಗೆ ಬುಟ್ ಬತ್ತೀನಿ."

ಆಗಲೇ ಸೂರ್ಯಪ್ರಕಾಶ್ ತಲೆಯೆತ್ತಿ ನೋಡಿದ್ದು. ಇಬ್ಬರ ಕಣ್ಣೂ ಕಲೆತವು. ಮೊದಲು ಕಣ್ಣು ತೆಗೆದವನು ಅವನೇ.

"ಬನ್ನಿ, ಕೂತ್ಕಳಿ... ಅತ್ತೇ, ಅವರಿಗೆ ಮಜ್ಜಿಗೆ ಕೊಡು," ಎಂದಳು.

"ಬೇಡ ಬಿಡಿ. ನಿಮ್ಮ ಕೆಲಸ ಕೆಡೋದು ಬೇಡ," ಎಂದ ಅವನು.

ನೀವು, ತಾವು! ಒಂದೇ ಕಾಲೇಜಿನಲ್ಲಿ ಹಿಂದೆ ಮುಂದಿನ ಬೆಂಚಿನಲ್ಲಿ ಕೂತವರು, ಯಾರೋ ಬೀಗರ ಕಡೆಯವರ ಹಾಗೆ ಮಾತಾಡಿಕೊಂಡರು.

ಸಿದ್ದಗಂಗ ಕತ್ತಲಿಗೆ ಸರಿದಳು. ಕಾಯಿ ಅಲ್ಲಾಡಿಸುತ್ತಿದ್ದಳು, ಆದರೆ ಸದ್ದು ಕಿವಿಗೆ ಬೀಳುತ್ತಿರಲಿಲ್ಲ.

ಆ ಭಾನುವಾರ ನೆನಪಾಯಿತು...

ತಿಪಟೂರಿನ ಹಳೇ ಟಾಕೀಸು. ಮುಚ್ಚುವ ಮುಂಚೆ ಭಾನುವಾರ ಬೆಳಗಿನ ಆಟಕ್ಕೆ ಹಳೇ ಇಂಗ್ಲಿಷ್ ಚಿತ್ರ ಹಾಕುತ್ತಿದ್ದರು. ಅಂದು ಬಂದಿದ್ದು ಒಂದು ಭಾರಿ ಚಿತ್ರ. ಕಲ್ಲಿನ ಕೋಟೆ, ಸಾವಿರ ಕುದುರೆ, ಮುತ್ತಿಗೆ ಹಾಕಿದ ಚಕ್ರವರ್ತಿ, ಕೋಟೆಯೊಳಗೆ ಒಬ್ಬಳು ರಾಣಿ. ಅವಳಿಗೆ ಇಂಗ್ಲಿಷ್ ಓಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಸೂರ್ಯ ಪಿಸುಮಾತಿನಲ್ಲಿ ಎಲ್ಲವನ್ನೂ ಕನ್ನಡ ಮಾಡುತ್ತಿದ್ದ. "ಏನವ್ವ ರಾಣಿ, ಬಾಗಿಲು ತೆಗೀತೀಯೋ ಇಲ್ಲವೋ ಅಂತವ್ನೆ." "ನಿಮ್ಮಪ್ಪನ ಮನೆ ಬಾಗಿಲೇನೋ ಇದು ಅಂತವ್ಳೆ." ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ನಕ್ಕಿದ್ದಳು!

ಆಮೇಲೆ ನಗು ನಿಂತಿತು. ರಾಣಿಗಾಗಿ ಬರುತ್ತಿದ್ದ ಸೇನಾಪತಿಯ ದೋಣಿ ನಡುಹೊಳೆಯಲ್ಲಿ. ಕೋಟೆಯ ಮೇಲೆ ದೀಪ ಹಿಡಿದು ನಿಂತ ರಾಣಿ. ದೀಪ ಗಾಳಿಗೆ ಹೊಯ್ದಾಡುತ್ತದೆ... ಪರದೆ ಇಳಿಯಿತು. ಇಂಟರ್ವಲ್!

ಚಿತ್ರ ಅಷ್ಟು ಉದ್ದವಿತ್ತು. ಉಳಿದದ್ದು ನೋಡಲು ಕೂತರೆ ಅರಳಗುಪ್ಪೆಯ ಬಸ್ಸು ತಪ್ಪುತ್ತಿತ್ತು.

"ನೀನು ಹೋಗು ಗಂಗಾ. ಉಳಿದರ್ಧ ನಂದು ಬಾಕಿ. ಮುಂದಿನ ವಾರ ತೋರಿಸ್ತೀನಿ," ಎಂದಿದ್ದ.

ಮುಂದಿನ ವಾರದ ಹೊತ್ತಿಗೆ ರೀಲು ಊರು ಬಿಟ್ಟಿತ್ತು. ಆ ತಿಂಗಳೇ ಅವಳಪ್ಪ ತೀರಿಕೊಂಡ. ತೋಟ ಅವಳ ತಲೆಗೆ ಬಂತು. ಅವನು ಮೈಸೂರಿನಲ್ಲಿ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವ ಅಂಗಡಿ ಇಟ್ಟ. ಕೇಳಬೇಕಾದವನು ಕೇಳಲಿಲ್ಲ, ಹೇಳಬೇಕಾದವಳು ಹೇಳಲಿಲ್ಲ. ವರ್ಷಗಳು ಹಾಗೇ ಹೋದವು.

ಹೋದ ವರ್ಷ ಮಾಘದಲ್ಲಿ ತುರುವೇಕೆರೆಯ ಒಂದು ಮದುವೆ ಮನೆಯಲ್ಲಿ ಮತ್ತೆ ಎದುರಾದರು. ಇಬ್ಬರಿಗೂ ಇನ್ನೂ ಮದುವೆಯಾಗಿರಲಿಲ್ಲ.

"ಆ ಸಿನಿಮಾ ಈಗ ಬರ್ತಾ ಇದೆ ಗಂಗಾ! ಸಂಗ್ರಹ ಮಾಡೋರಿಗೆ ಅಂತ ಡಿಸ್ಕು, ಪುಸ್ತಕ ಎಲ್ಲ ಸೇರಿಸಿ ದೊಡ್ಡ ಪೆಟ್ಟಿಗೆ ಮಾಡಿ ಬಿಡ್ತಾವ್ರೆ. ಹಳೇ ರೀಲನ್ನೆಲ್ಲ ತೊಳೆದು, ಬಣ್ಣ ಮರಳಿ ತಂದವ್ರಂತೆ. ಒಂದು ನಿನಗೆ ಕಳಿಸ್ತೀನಿ." ಆಮೇಲೆ ಎಲೆಯ ಮೇಲಿನ ಪಾಯಸ ನೋಡುತ್ತ ಹೇಳಿದ್ದ. "ಅದು ಬಂದ್ಮೇಲೆ ಒಬ್ಬಳೇ ನೋಡ್ಬೇಡ. ನಾನು ಬರಬಹುದು ಅನ್ನಿಸಿದ್ರೆ ಫೋನ್ ಮಾಡು. ಅವ್ವನ್ನೂ ಕರ್ಕೊಂಡು ಬರ್ತೀನಿ... ಹೆಣ್ಣು ಕೇಳೋದಕ್ಕೆ. ನೀನು ಮಾಡ್ಲಿಲ್ಲ ಅಂದ್ರೆ ಬೇಡ ಅಂತ ತಿಳ್ಕೊಳ್ತೀನಿ. ಮತ್ತೆ ನಿನ್ನ ಕಾಡಲ್ಲ."

ಅವಳು ಕಾದಳು. ಪೆಟ್ಟಿಗೆ ಬರಲಿಲ್ಲ. ಯುಗಾದಿ ಹೋಯಿತು, ಮುಂಗಾರು ಬಂತು. ಮದುವೆ ಮನೆಯ ಮಾತು, ಊಟದ ಜೊತೆ ಜೀರ್ಣವಾಯಿತು ಅಂದುಕೊಂಡಳು. ಬರದೇ ಇದ್ದ ವಸ್ತುವಿಗೆ ಯಾವ ಬಾಯಲ್ಲಿ ಫೋನ್ ಮಾಡುವುದು? ಕಾರ್ತಿಕದಲ್ಲಿ ಅವನ ತಾಯಿ ಹೋದಾಗಲೂ ಅದೇ ಬಿಗುಮಾನ ಕಾಲು ಕಟ್ಟಿಹಾಕಿತ್ತು.

ಸಿದ್ದಗಂಗ ಮೂಲೆಯ ರಾಶಿಗೆ ಕೈ ಹಾಕಿದಳು. ಕಾಯಿಯ ಗುಂಡು ಸಿಗಬೇಕಾದಲ್ಲಿ ಚೌಕವಾದ ಏನೋ ಸಿಕ್ಕಿತು.

ಎಳೆದಳು. ಹೊಗೆ ಹಿಡಿದು ಕಪ್ಪಾದ ಒಂದು ಪಾರ್ಸೆಲ್ಲು. ಮೇಲಿನ ರಟ್ಟು ಕಾಯಿಯ ಭಾರಕ್ಕೆ ತಗ್ಗಿತ್ತು. ಸೆರಗಿನಿಂದ ಒರೆಸಿದಳು. ಮಸಿಯ ಕೆಳಗೆ ಅವಳ ಹೆಸರು. ಅದರ ಕೆಳಗೆ, ಕಳಿಸಿದವರು... ಸೂರ್ಯಪ್ರಕಾಶ್, ಮೈಸೂರು.

ದೇವರೇ!

ಬಂದಿತ್ತು. ಇಷ್ಟು ದಿನ ಅವಳ ತಲೆಯ ಮೇಲೇ ಇತ್ತು! ಅವಳು ಕೆಳಗೆ ಒಲೆ ಊದುತ್ತ, ಅವನನ್ನು ಬೈದುಕೊಳ್ಳುತ್ತ...

ಪಾರ್ಸೆಲ್ಲನ್ನು ಕಂಕುಳಲ್ಲಿ ಅವುಚಿಕೊಂಡು ಏಣಿ ಇಳಿದಳು.

"ಅತ್ತೇ, ಇದೇನು?"

ಹುಚ್ಚಕ್ಕನ ಮಚ್ಚು ನಿಂತಿತು. "ಅಯ್ಯೋ... ಇದಾ? ಸಿಕ್ತಾ?"

"ಸಿಕ್ತಾ ಅಂತೀಯಲ್ಲ! ಅಟ್ಟಕ್ಕೆ ಹೆಂಗೆ ಹೋಯ್ತು ಇದು?"

"ಹೋದ್ವರ್ಷ ಕಾಯಿ ಏರಿಸ್ತಿದ್ರಲ್ಲ, ಅವತ್ತು ಬಂತು ಕಣೇ. ನೀನು ತಿಪಟೂರಿಗೆ ಹೋಗಿದ್ದೆ. ಅಂಗಳದ ತುಂಬ ಆಳುಕಾಳು. ಯಾರಾದ್ರೂ ತುಳಿದಾರು ಅಂತ ಅಟ್ಟದ ಮೂಲೇಲಿ ಮಡಗಿಸ್ದೆ. ಅವ್ರು ಅದರ ಮೇಲೇ ಕಾಯಿ ಸುರಿದವ್ರೆ, ನಾ ಕಾಣೆ. ಸಂಜೆಗೆ ಮುಚ್ಚೋಗಿತ್ತು."

"ನನಗೊಂದು ಮಾತು ಹೇಳ್ಬಾರ್ದಿತ್ತಾ!"

"ಹೇಳಿದ್ರೆ ನೀನು ಅಟ್ಟ ಕೆದಕ್ತಿದ್ದೆ." ಹುಚ್ಚಕ್ಕನ ದನಿ ಸಣ್ಣದಾಯಿತು. "ಮಾಗೋಕೆ ಇಟ್ಟ ಕಾಯಿ ಕದಲಿಸಿದ್ರೆ ಒಳಗೇ ಕೊಳ್ತೋಗ್ತದೆ ಅಂತ ನಿಮ್ಮಪ್ಪ ಬೆಕ್ಕನ್ನೂ ಅಟ್ಟ ಹತ್ತಿಸ್ತಿರ್ಲಿಲ್ಲ. ಒಂದು ಡಬ್ಬಕ್ಕೋಸ್ಕರ ವರ್ಷದ ಕೊಬ್ಬರಿ ಹಾಳು ಮಾಡ್ಕಳಾದಾ? ಮಿಕ್ಸಿ ಜಾರೋ ಏನೋ, ಇಳಿಸೋವಾಗ ಸಿಕ್ಕೇ ಸಿಕ್ತದೆ ಅಂದ್ಕಂಡೆ ಕಣೇ, ತಾಯಿ..."

ಸಿದ್ದಗಂಗಳಿಗೆ ಬೈಯಲು ಬಾಯಿ ಬರಲಿಲ್ಲ. ಅತ್ತೆ ಮಾಡಿದ್ದು ಈ ಮನೆಯಲ್ಲಿ ಯಾರಾದರೂ ಮಾಡುವ ಕೆಲಸವೇ. ಅವಳೇ ಆಗಿದ್ದರೂ ಹಾಗೇ ಮಾಡುತ್ತಿದ್ದಳೇನೋ!

ಜಗಲಿಯಿಂದ ಎದ್ದು ಬಂದ ಸೂರ್ಯಪ್ರಕಾಶ್ ಪಾರ್ಸೆಲ್ಲನ್ನೇ ನೋಡುತ್ತಿದ್ದ.

"ನೀನು... ಇದನ್ನ ತೆಗೆದೇ ಇಲ್ವಾ?"

"ಇವತ್ತು ಸಿಕ್ತು. ಈಗ."

"ಮನೆಯವರ ಕೈಗೆ ಕೊಟ್ಟಾಯ್ತು ಅಂತ ನನಗೆ ಮೆಸೇಜ್ ಬಂತು. ದಿನಾ ಫೋನ್ ನೋಡ್ದೆ. ನೀನು ಬೇಡ ಅಂದೆ ಅಂತ..."

"ನೀವು ಕಳಿಸ್ಲೇ ಇಲ್ಲ ಅಂತ ನಾನು..."

ಲಕ್ಕಯ್ಯ ಕಾಯಿಯನ್ನು ಗೂಟದಲ್ಲೇ ಬಿಟ್ಟು ಬೇರೆ ಕಡೆ ನೋಡಿದ. ಹುಚ್ಚಕ್ಕ ಮಚ್ಚು ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡಳು.

"ಒಂದು ಫೋನ್ ಮಾಡಿದ್ರೆ ಆಗೋಗ್ತಿತ್ತು," ಎಂದಳು ಸಿದ್ದಗಂಗ.

"ಹೂಂ. ನಾನೂ ಮಾಡಬಹುದಿತ್ತು. ಮತ್ತೆ ಕಾಡಲ್ಲ ಅಂದಿದ್ನಲ್ಲ... ದೊಡ್ಡ ಮನುಷ್ಯ ನಾನು!"

ಆಮೇಲೆ ಅವನೇ, ತೀರ ಮೆಲ್ಲಗೆ ಹೇಳಿದ.

"ಅವ್ವ ಕೊನೇವರೆಗೂ ಕೇಳ್ತಿದ್ಲು ಗಂಗಾ. ಆ ಹುಡುಗಿ ಏನಂತಪ್ಪ, ಹೋಗೋಣವಾ ಅಂತ. ನಿನಗೆ ಅಂತ ಒಂದು ಸೀರೆ ತಂದು ಮಡಗಿದ್ಲು. ಅವಳಿಗೆ ಇಷ್ಟ ಇಲ್ವಂತೆ ಕಣವ್ವ ಅಂತ ನಾನೇ ಹೇಳ್ದೆ. ಸುಳ್ಳು ಹೇಳಿ ಕಳಿಸ್ಬುಟ್ಟೆ ಅವಳನ್ನ..."

ಸಿದ್ದಗಂಗಳ ಎದೆ ಒಡೆಯಿತು. ಸೆರಗಿನಲ್ಲಿ ಮುಖ ಮುಚ್ಚಿ ಅಲ್ಲೇ ಮಟ್ಟೆಯ ರಾಶಿಯ ಪಕ್ಕ ಕುಸಿದಳು. ಅಳುವಿಗೂ ಸದ್ದಿರಲಿಲ್ಲ. ಆ ಹೆಂಗಸಿನ ಕೈಗೆ ಒಂದು ಲೋಟ ನೀರೂ ಕೊಡಲಿಲ್ಲ. ಸತ್ತಾಗ ಬಾಯಿಗೆ ಒಂದು ಹಿಡಿ ಅಕ್ಕಿಯನ್ನೂ ಹಾಕಲಿಲ್ಲ.

"ಆ ಋಣ ತೀರಲ್ಲ ಸೂರ್ಯ," ಎಂದಳು. "ಏನ್ ಮಾಡಿದ್ರೂ ತೀರಲ್ಲ."

"ತೀರಲ್ಲ," ಎಂದ ಅವನು. ಅವಳ ಪಕ್ಕದಲ್ಲಿ, ಅದೇ ಮಟ್ಟೆಯ ಧೂಳಿನಲ್ಲಿ ಕೂತ.

ಅವನೇ ಪಾರ್ಸೆಲ್ಲು ಬಿಚ್ಚಿದ. ಒಳಗಿನ ಪೆಟ್ಟಿಗೆ ದಪ್ಪ ಪುಸ್ತಕದ ಹಾಗಿತ್ತು. ಮೇಲೆ ದೀಪ ಹಿಡಿದ ರಾಣಿ, ಕೆಳಗೆ ಹೊಳೆ, ಹೊಳೆಯ ನಡುವೆ ದೋಣಿ. ಹೊಗೆ ಒಳಗೂ ಹೊಕ್ಕು ರಾಣಿಯ ಮುಖಕ್ಕೆ ಕಂದು ಬಣ್ಣ ಬಂದಿತ್ತು. ಚಿತ್ರಗಳ ಪುಸ್ತಕದಿಂದ ಅಟ್ಟದ ವಾಸನೆ.

"ಇಂಟರ್ವಲ್ಲಿನ ಸಂಗೀತವನ್ನೂ ಹಂಗೇ ಉಳಿಸವ್ರಂತೆ," ಎಂದ, ಮೂಗು ಒರೆಸಿಕೊಳ್ಳುತ್ತ. "ಪರದೆ ಇಳಿದ ಮೇಲೆ ಕತ್ತಲಲ್ಲಿ ನುಡಿಸೋದು. ತಿಪಟೂರಲ್ಲಿ ಅದನ್ನ ಕತ್ತರಿಸಿ, ಜವಳಿ ಅಂಗಡಿ ಸ್ಲೈಡ್ ಹಾಕಿದ್ರು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಡಿಸ್ಕು ಎರಡಿದ್ದವು. ಮೊದಲರ್ಧಕ್ಕೊಂದು, ಉಳಿದರ್ಧಕ್ಕೊಂದು. ಮೊದಲನೆಯದು ಹೊಳೆಯುತ್ತ ಕೈಗೆ ಬಂತು. ಎರಡನೆಯದನ್ನು ಎತ್ತಿದರೆ ಅರ್ಧ ಮಾತ್ರ ಎದ್ದಿತು. ಇನ್ನರ್ಧ ಪೆಟ್ಟಿಗೆಯಲ್ಲೇ ಉಳಿಯಿತು. ಕಾಯಿಯ ಭಾರಕ್ಕೆ ಅದು ನಟ್ಟನಡುವೆ ಸೀಳಿಹೋಗಿತ್ತು.

"ನೋಡು, ಉಳಿದರ್ಧ ಈ ಸಲವೂ ನಿನಗಿಲ್ಲ," ಎಂದ. "ಇನ್ನೊಂದು ತರಿಸೋಣ ಅಂದ್ರೆ, ಇಂತಿಷ್ಟೇ ಪೆಟ್ಟಿಗೆ ಅಂತ ಲೆಕ್ಕ ಹಾಕಿ ಮಾಡಿದ್ರು. ಮುಗಿದೋಗವೆ. ಫೋನಲ್ಲಿ ಹುಡುಕಿದ್ರೆ ಎಲ್ಲೋ ಸಿಗ್ಬಹುದು..."

"ಹುಡುಕಿದ್ರೆ ನನಗೂ ಸಿಗ್ತಿತ್ತು. ಯಾವತ್ತೂ ಹುಡುಕ್ಲಿಲ್ಲ." ಸಿದ್ದಗಂಗ ಅವನತ್ತ ನೋಡಲಿಲ್ಲ. "ತೋರಿಸ್ತೀನಿ ಅಂದಿದ್ದು ನೀನು. ಫೋನಲ್ಲ."

ಅವನು ಒಡೆದ ಡಿಸ್ಕಿನ ಎರಡು ಚೂರನ್ನೂ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ.

ಹೊತ್ತು ಇಳಿಯುತ್ತಿತ್ತು. ಲಕ್ಕಯ್ಯ ಕೆಮ್ಮಿದ. "ಲೇ ಸೂರಿ... ಬಸ್ಸಿನ ಹೊತ್ತಾಯ್ತು ಕಣ್ಲಾ. ಗಾಡಿ ತೆಗೀಲಾ, ಬ್ಯಾಡ್ವಾ?"

ಸೂರ್ಯಪ್ರಕಾಶ್ ಸಿದ್ದಗಂಗಳ ಮುಖ ನೋಡಿದ. ಅವಳು ಒಂದು ಕಾಯಿ ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಅವನ ಮುಂದಿಟ್ಟಳು.

"ಇನ್ನೂ ಅರ್ಧ ಅಟ್ಟ ಐತೆ," ಎಂದಳು. "ಆಳು ಕಡಿಮೆ."

"ಬೀಗದ ಕೈ ವಾಪಸ್ ಕೊಡು ಲಕ್ಕಣ್ಣ," ಎಂದ ಅವನು.

"ಅಯ್ಯೋ ನಿನ್ನ! ಗಂಟು ಎಷ್ಟು ಬಿಗಿಯಾಗಿ ಹಾಕಿದ್ನಪ್ಪ!" ಲಕ್ಕಯ್ಯ ಗೊಣಗುತ್ತ ಉಡಿದಾರ ಬಿಚ್ಚತೊಡಗಿದ.

"ನಾಳೆ ನಿಮ್ಮ ಮನೆಗೆ ಬರ್ತೀನಿ," ಎಂದಳು ಸಿದ್ದಗಂಗ. "ಅವ್ವನ ಫೋಟೋಕ್ಕೆ ಹೂ ಹಾಕ್ಬೇಕು. ಆ ಸೀರೆ... ಇದ್ರೆ ಕೊಡು."

"ಅವ್ವನ ಪೆಟ್ಟಿಗೇಲೇ ಐತೆ. ನುಸಿಗುಳಿಗೆ ಹಾಕಿ ಮಡಗವ್ಳೆ."

ಅವಳು ಪೆಟ್ಟಿಗೆಯ ಮೇಲಿನ ಚಿತ್ರವನ್ನು ಬೆರಳಿನಿಂದ ಒರೆಸಿದಳು. ಮಸಿಯ ಕೆಳಗಿನಿಂದ ದೋಣಿ ಕಂಡಿತು.

"ಸೂರ್ಯ... ದೋಣಿ ದಡ ಮುಟ್ತಾ?"

"ಹೇಳಿಬಿಡ್ಲಾ? ಹೇಳಿದ್ರೆ ನನ್ನ ಬಾಕಿ ತೀರಿಹೋಗ್ತದೆ."

ಸಿದ್ದಗಂಗ ಯೋಚಿಸಿದಳು. ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡಳು.

"ಬೇಡ ಬುಡು," ಎಂದಳು. "ಬಾಕಿ ಇರ್ಲಿ."