ಕೊನೇ ಹೋಲ್, ಒಂದೇ ಗುಟುಕು!

ಗಾಲ್ಫ್ ಸ್ಟಿಕ್ ನನ್ನ ಕಿವಿಯ ಪಕ್ಕದಲ್ಲೇ ಸುಂಯ್ ಎಂದು ಹಾದುಹೋಯಿತು!

ಹಿಂದಿನ ಗೋಡೆಯ ಟೈಲ್ಸ್ ಪುಡಿಪುಡಿ. ನಾನು ಬಗ್ಗದೇ ಇದ್ದಿದ್ದರೆ ಪುಡಿಯಾಗುತ್ತಿದ್ದುದು ನನ್ನ ತಲೆ.

"ಇನ್ನೊಂದು ಹೆಜ್ಜೆ ಮುಂದೆ ಇಟ್ರೆ ಈ ಸಲ ಗುರಿ ತಪ್ಪಲ್ಲ!"

ಹೊಡೆದವಳು ಒಬ್ಬ ಸಣಕಲು ಹುಡುಗಿ. ಬಿಳಿ ಕೋಟು. ಕಣ್ಣ ತುಂಬ ನೀರು. ಕೈ ನಡುಗುತ್ತಿತ್ತು... ನಾನು ಹೆದರುವುದೇ ನಡುಗುವ ಕೈಗೆ. ಪಳಗಿದ ಕೈ ಎಲ್ಲಿಗೆ ಹೊಡೆಯುತ್ತದೆ ಅಂತ ಊಹಿಸಬಹುದು.

ನಾನು ಯಾರು ಅಂದಿರಾ? ಹಿಂದೆ ಪೊಲೀಸ್. ಈಗ ದೊಡ್ಡವರ ರಗಳೆ ಬಗೆಹರಿಸುವುದು ಕಸುಬು. ಹೆಂಡತಿ ಓಡಿಹೋದರೂ ನನಗೇ ಫೋನು, ನಾಯಿ ಓಡಿಹೋದರೂ ನನಗೇ ಫೋನು. ನಾಯಿ ಕೇಸಿನಲ್ಲಿ ಅಳು ಜಾಸ್ತಿ.

ಅವತ್ತು ಓಡಿಹೋಗಿದ್ದವನು ಚಾಂಪಿಯನ್!

ದೊಡ್ಡ ಗಾಲ್ಫ್ ಟೂರ್ನಮೆಂಟಿನ ಕೊನೆಯ ದಿನ. ಕೊನೆಯ ಹೋಲಿನ ಮೊದಲ ಹೊಡೆತವೂ ಮುಗಿದಿತ್ತು. ಅವನೇ ಎಲ್ಲರಿಗಿಂತ ಮುಂದೆ. ಅಷ್ಟರಲ್ಲಿ ಆಕಾಶದಲ್ಲಿ ಫಳ್ ಎಂದು ಮಿಂಚು. ಸೈರನ್ ಕೂಗಿತು. ಚೆಂಡುಗಳನ್ನು ಇದ್ದಲ್ಲೇ ಬಿಟ್ಟು ಆಟಗಾರರೆಲ್ಲ ಕ್ಲಬ್ಬಿನೊಳಗೆ ಓಡಿದರು. ಒಳಗೆ ಬಂದು ನೋಡಿದರೆ ಚಾಂಪಿಯನ್ ಮಾಯ!

ಅವನ ಮ್ಯಾನೇಜರ್ ಬಂದು ನನ್ನ ತೋಳು ಹಿಡಿದುಕೊಂಡ. ಮ್ಯಾನೇಜರ್ ಅಂದರೆ ಬೇರೆ ಯಾರೂ ಅಲ್ಲ, ಅವನ ಸ್ವಂತ ಸೋದರಮಾವ. ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನಲ್ಲಿ ಅಳಿಯನ ಕೈಗೆ ಸ್ಟಿಕ್ ಕೊಟ್ಟ ಮಹಾನುಭಾವ. ಆಮೇಲೆ ಅದನ್ನು ಕೆಳಗಿಡಲು ಬಿಟ್ಟಿರಲಿಲ್ಲ.

"ಮೇಡಂ, ಆಟ ಮತ್ತೆ ಶುರುವಾಗೋ ಸೈರನ್ ಆಗೋದ್ರೊಳಗೆ ನನ್ನ ಬ್ರ್ಯಾಂಡ್ ನನಗೆ ಬೇಕು!"

"ನಿಮ್ಮ ಅಳಿಯನಾ?"

"ಅದೇ, ಅದೇ."

ಹುಡುಕುವುದು ಕಷ್ಟವಾಗಲಿಲ್ಲ. ಲಾಂಡ್ರಿಯ ಕೆಲಸದವರೆಲ್ಲ ಹೊರಗೆ ಮಳೆಯಲ್ಲಿ ನಿಂತಿದ್ದರು. ಯಾರೋ ಡಾಕ್ಟರಮ್ಮ ಬಂದು, ಮೆಷಿನ್ನಿನಲ್ಲಿ ಕರೆಂಟ್ ಲೀಕ್ ಆಗುತ್ತಿದೆ ಅಂತ ಅವರನ್ನು ಹೊರಗೆ ಕಳಿಸಿದ್ದಳಂತೆ. ಕರೆಂಟ್ ಲೀಕ್ ಆಗುವ ಕೋಣೆಯಲ್ಲಿ ಲೈಟು ಉರಿಯುತ್ತಿತ್ತು!

ನುಗ್ಗಿದೆ. ಸ್ಟಿಕ್ ಬೀಸಿ ಬಂತು. ಕಥೆ ಶುರುವಾದಲ್ಲಿಗೇ ಬಂದು ನಿಂತಿದ್ದೇವೆ.

"ತಂಗೀ, ಬಿಡೇ ಅವರನ್ನ..." ಹುಡುಗಿಯ ಹಿಂದಿನಿಂದ ಒಂದು ದನಿ.

ಇಸ್ತ್ರಿ ಮೇಜಿನ ಮೇಲೆ ಚಾಂಪಿಯನ್ ಬೋರಲು ಮಲಗಿದ್ದ. ಬೆನ್ನ ಮೇಲೆ ಹಬೆಯಾಡುವ ಟವೆಲ್ಲುಗಳ ರಾಶಿ.

"ನಾನು ಇವನ ಫಿಸಿಯೋ. ಇವನ ತಂಗಿನೂ ಹೌದು," ಎಂದಳು ಹುಡುಗಿ. "ಬೆನ್ನಿನ ಡಿಸ್ಕ್ ಜರುಗಿದೆ. ಎಡಗಾಲಿಗೆ ಸ್ಪರ್ಶಾನೇ ಇಲ್ಲ. ಮಾಮ ಡಾಕ್ಟರನ್ನ ಕರ್ಕೊಂಡು ಬರ್ತಿದಾರೆ. ನೋವು ಗೊತ್ತಾಗದ ಹಾಗೆ ಇಂಜೆಕ್ಷನ್ ಕೊಟ್ಟು ಆಡಿಸ್ತಾರಂತೆ. ಇನ್ನೊಂದು ಸಲ ಸೊಂಟ ತಿರುಗಿಸಿ ಹೊಡೆದ್ರೆ ಕಾಲು ಹೋಗುತ್ತೆ, ಮೇಡಂ!"

ಅಳು ನಾನು ಬೇಕಾದಷ್ಟು ನೋಡಿದ್ದೇನೆ. ನಂಬುವ ಜಾಯಮಾನ ನನ್ನದಲ್ಲ. ಒಂದು ಟವೆಲ್ಲಿಗೆ ಚುಚ್ಚಿದ್ದ ಪಿನ್ ಕಿತ್ತುಕೊಂಡೆ.

"ಎಡಗಾಲಿನ ಹೆಬ್ಬೆರಳಿಗೆ ಚುಚ್ತೀನಿ. ನೋವಾದ್ರೆ ಕಿರುಚು."

ಅವನು ಕಾದ.

"ಮೇಡಂ... ಚುಚ್ತೀರೋ ಇಲ್ವೋ?"

ಪಿನ್ ಆಗಲೇ ಅರ್ಧ ಒಳಗಿತ್ತು.

ಪಿನ್ ಕಿತ್ತು ಎಸೆದೆ.

"ಆಡಲ್ಲ ಅಂತ ಹೇಳಿ ಎದ್ದು ಹೋಗೋದು ತಾನೇ?"

"ಆಗಲ್ಲ. ಎನರ್ಜಿ ಡ್ರಿಂಕ್ ಕಂಪನಿಗೆ ಮಾಮ ನನ್ನನ್ನ ಬರೆದುಕೊಟ್ಟಿದಾರೆ. ನಾನಾಗೇ ಬಿಟ್ರೆ ತಂಗಿ ಕ್ಲಿನಿಕ್ಕು, ಅಮ್ಮ ಇರೋ ಮನೆ, ಎಲ್ಲಾ ಕಂಪನಿದು. ನನಗೆ ಹುಷಾರಿಲ್ಲ ಅಂತ ಅವರ ಡಾಕ್ಟರೇ ಹೇಳ್ಬೇಕು. ಅವರ ಪ್ರಕಾರ ನಾನು ಕುದುರೆ ಥರ ಇದೀನಿ."

"ಅವರಾಗೇ ನಿನ್ನನ್ನ ಕಿತ್ತು ಹಾಕಿದ್ರೆ?"

"ಆಗ ನಾನು ಫ್ರೀ. ಆದ್ರೆ ಯಾಕೆ ಕಿತ್ತು ಹಾಕ್ತಾರೆ?"

"ಟೀವಿಯಲ್ಲಿ ಇಡೀ ಜಗತ್ತು ನೋಡ್ತಿರೋವಾಗ ಮೋಸ ಮಾಡು. ಮೋಸಗಾರನ ಮುಖ ಯಾವ ಕಂಪನಿಗೆ ಬೇಕು?"

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು.

ಧಡ್! ಬಾಗಿಲು ಅದುರಿತು.

"ಒಳಗಿದೀಯೇನೋ ರಾಜಾ? ಡಾಕ್ಟರ್ ಅಂಕಲ್ ಬಂದಿದಾರೆ!" ಸೋದರಮಾವನ ದನಿ. ಜೊತೆಗೆ ಅವನ ಇಬ್ಬರು ಬಾಡಿಗಾರ್ಡುಗಳು. ಅವರಿಗೆ ನಾನು ಇಟ್ಟ ಹೆಸರು ಕಪಾಟು ಮತ್ತು ಫ್ರಿಜ್ಜು. ನೋಡಿದ್ದರೆ ನೀವೂ ಅದನ್ನೇ ಇಡುತ್ತಿದ್ದಿರಿ.

ಚಾಂಪಿಯನ್ನನ್ನು ಬಟ್ಟೆ ತಳ್ಳುವ ಟ್ರಾಲಿಗೆ ಇಳಿಸಿದೆವು. ಮೇಲೆ ಟವೆಲ್ಲು ಮುಚ್ಚಿದೆವು. ಹಿಂದಿನ ಬಾಗಿಲಿನಿಂದ ಹೊರಗೆ! ಮಳೆ ನಿಂತಿತ್ತು. ಎದುರಿಗೇ ಗಾಲ್ಫ್ ಕಾರ್ಟ್. ಚಾಂಪಿಯನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಂಗಿ ಹಿಡಿದುಕೊಂಡಳು. ನಾನು ಪೆಡಲ್ ತುಳಿದೆ.

ಜೀವನದಲ್ಲಿ ಎಷ್ಟೋ ಚೇಸ್ ಮಾಡಿದ್ದೇನೆ. ಬೈಕು, ಜೀಪು, ಒಮ್ಮೆ ಆಂಬುಲೆನ್ಸು. ಆದರೆ ಈ ಬ್ಯಾಟರಿ ಗಾಡಿ... ಎಷ್ಟು ತುಳಿದರೂ ಮದುವೆ ಮೆರವಣಿಗೆಯ ಸ್ಪೀಡು!

"ನಿಧಾನ ಮೇಡಂ! ಬೆನ್ನು!" ಚಾಂಪಿಯನ್ ಕೂಗಿದ.

"ಇದಕ್ಕಿಂತ ನಿಧಾನ ಅಂದ್ರೆ ಪಾರ್ಕಿಂಗ್ ಕಣೋ!"

ಹಿಂದೆ ಇನ್ನೊಂದು ಕಾರ್ಟ್. ಕಪಾಟು, ಫ್ರಿಜ್ಜು ಇಬ್ಬರೂ ಕೂತಿದ್ದರಿಂದ ಅದು ಉಸಿರಾಡಲೂ ಒದ್ದಾಡುತ್ತಿತ್ತು. ಕೊನೆಗೆ ತಲೆಕೆಟ್ಟು ಇಬ್ಬರೂ ಇಳಿದರು. ನಡೆಯತೊಡಗಿದರು.

ನಡೆದೇ ನಮ್ಮನ್ನು ಹಿಡಿದರು!

ಕಪಾಟಿನ ಕೈ ನನ್ನ ಕುತ್ತಿಗೆಗೆ ಬಿತ್ತು. ಕಣ್ಣು ಕತ್ತಲೆ ಬಂತು. ಪಕ್ಕದಲ್ಲೇ ಮರಳಿನ ಹೊಂಡ ಕಂಡಿತು. ಸ್ಟೇರಿಂಗ್ ಬಿಟ್ಟು ಮೊಣಕೈಯಿಂದ ಅವನ ಪಕ್ಕೆಗೆ ಒಂದು ಇಟ್ಟೆ. ಆಯ ತಪ್ಪಿದ. ಹಿಡಿಯಲು ಹೋದ ಫ್ರಿಜ್ಜನ್ನೂ ಎಳೆದುಕೊಂಡು ಹೊಂಡಕ್ಕೆ ಉರುಳಿದ. ಭೂಮಿ ಸಣ್ಣಗೆ ನಡುಗಿತು.

ಎದ್ದು ಮತ್ತೆ ಬರುತ್ತಿದ್ದರೋ ಏನೋ. ಅಷ್ಟರಲ್ಲಿ ಕ್ಲಬ್ಬಿನ ಟೈ ಕಟ್ಟಿದ ಮುದುಕನೊಬ್ಬ ಛತ್ರಿ ಬೀಸುತ್ತಾ ಓಡಿ ಬಂದ.

"ಏಯ್! ಮರಳನ್ನ ಮೊದಲಿದ್ದ ಹಾಗೆ ಸಮ ಮಾಡಿ! ಸಮ ಮಾಡದೆ ಯಾರೂ ಹೊಂಡ ಬಿಡೋ ಹಾಗಿಲ್ಲ!"

ತಿರುಗಿ ನೋಡಿದಾಗ ಇಬ್ಬರು ದಾಂಡಿಗರೂ ತಲೆ ತಗ್ಗಿಸಿ ಮರಳು ಎಳೆಯುತ್ತಿದ್ದರು.

ಸೈರನ್ ಕೂಗಿತು. ಆಟ ಮತ್ತೆ ಶುರು.

ಕೊನೆಯ ಹೋಲಿನ ಹತ್ತಿರ ಜನಸಾಗರ. ಕಾರ್ಟಿನಲ್ಲಿ ಮಲಗಿಕೊಂಡು ಬಂದ ಚಾಂಪಿಯನ್ನನ್ನು ನೋಡಿ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಹೊಸ ಸ್ಟೈಲ್ ಅಂದುಕೊಂಡಿರಬೇಕು! ಕ್ಯಾಮೆರಾಗಳು ಮುತ್ತಿಕೊಂಡವು. ತಂಗಿಯ ಹೆಗಲು ಹಿಡಿದು ಅವನು ಇಳಿದ. ಕುಂಟುತ್ತಾ ಚೆಂಡಿನ ಹತ್ತಿರ ಹೋದ.

ಅವಳ ಮೇಲೆ ಭಾರ ಬಿಟ್ಟು ಬಲಗಾಲಿನಲ್ಲಿ ಚೆಂಡನ್ನು ಒದ್ದ! ಅದು ಉರುಳುತ್ತಾ ಹೋಗಿ ಕೊಳಕ್ಕೆ ಬಿತ್ತು.

ಎಲ್ಲರೂ ರೆಫರಿಯ ಕಡೆ ನೋಡಿದರು. ರೆಫರಿ, ಗಣ್ಯರ ಸಾಲಿನಲ್ಲಿ ಕೂತಿದ್ದ ಡ್ರಿಂಕ್ ಕಂಪನಿಯವರ ಕಡೆ ನೋಡಿದ.

"ಗಾಳಿ," ಎಂದ ರೆಫರಿ. "ತುಂಬಾ ಗಾಳಿ ಇದೆ ಇವತ್ತು."

ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಗಾಳಿ ಅಲ್ಲ! ನಾನೇ ಬೇಕಂತ ಒದ್ದೆ!" ಚಾಂಪಿಯನ್ ಕಿರುಚಿದ.

"ಎಂಥಾ ಪ್ರಾಮಾಣಿಕತೆ!" ರೆಫರಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. "ಹೊಸ ಚೆಂಡು ತನ್ನಿ!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಪ್ಲಾನ್ ಮಣ್ಣು ಮುಕ್ಕಿತು.

ಅಷ್ಟರಲ್ಲಿ ಸೋದರಮಾವ ಡಾಕ್ಟರನ ಜೊತೆ ಬಂದೇಬಿಟ್ಟ. ಕಂಪನಿಯ ಹೆಸರಿನ ದೊಡ್ಡ ಛತ್ರಿ ಬಿಚ್ಚಿ ಕ್ಯಾಮೆರಾಗಳಿಗೆ ಅಡ್ಡ ಹಿಡಿದ. ಅದರ ಮರೆಯಲ್ಲಿ ಡಾಕ್ಟರ್ ಸಿರಿಂಜ್ ತೆಗೆದ.

"ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ, ರಾಜಾ. ಒಂದೆರಡು ಹೊಡೆತ. ಆಮೇಲೆ ರೆಸ್ಟ್."

"ಮಾಮಾ... ನನ್ನ ಕಾಲು ಹೋಗುತ್ತೆ."

"ಕಪ್ ಬರುತ್ತಲ್ಲೋ!"

ತಂಗಿ ಅಡ್ಡ ನುಗ್ಗಿದಳು. ಮಾವ ಅವಳನ್ನು ತಳ್ಳಿದ. ಒದ್ದೆ ಹುಲ್ಲಿನ ಮೇಲೆ ಬಿದ್ದಳು. ಸೂಜಿ ಹತ್ತಿರ ಬರುತ್ತಿತ್ತು...

ನಾನು ಸುತ್ತ ನೋಡಿದೆ. ಹಗ್ಗದ ಆಚೆ ಮುಂದಿನ ಸಾಲಿನಲ್ಲಿ ಒಬ್ಬ ದಪ್ಪ ಮನುಷ್ಯ. ಕೈಯಲ್ಲಿ ಹಸಿರು ಬಾಟಲಿ. ಎದುರಾಳಿ ಕಂಪನಿಯ ಡ್ರಿಂಕು!

ಹಾರಿ ಕಿತ್ತುಕೊಂಡೆ. ಒಂದೇ ಒದೆತಕ್ಕೆ ಛತ್ರಿ ಹಾರಿಹೋಯಿತು.

"ಕುಡಿ!"

"ಬಾಯಾರಿಕೆ ಇಲ್ಲ ಮೇಡಂ..."

"ಕುಡಿ ಅಂದೆ! ಹೆಸರು ಕ್ಯಾಮೆರಾ ಕಡೆ ಇರ್ಲಿ!"

ಅವನಿಗೆ ಹೊಳೆಯಿತು. ನಕ್ಕ. ಅವನು ನಕ್ಕಿದ್ದನ್ನು ಟೀವಿಯವರೂ ನೋಡಿರಲಿಲ್ಲವೇನೋ! ಬಾಟಲಿ ಎತ್ತಿ ಒಂದು ಗುಟುಕು ಕುಡಿದ. ತುಟಿ ಒರೆಸಿಕೊಂಡ.

"ಆಹಾ! ನಮ್ಮದಕ್ಕಿಂತ ಇದೇ ಚೆನ್ನಾಗಿದೆ!"

ಗಣ್ಯರ ಸಾಲಿನಲ್ಲಿ ಯಾರೋ ಕುರ್ಚಿ ಬೀಳಿಸಿಕೊಂಡು ಎದ್ದರು. ಸೋದರಮಾವನ ಫೋನ್ ಹೊಡೆದುಕೊಂಡಿತು.

"ಸರ್... ತಮಾಷೆ ಸರ್... ಹುಡುಗಾಟ... ಈಗಲೇನಾ ಸರ್? ಪೂರ್ತಿ ಕ್ಯಾನ್ಸಲ್ಲಾ ಸರ್?"

ಫೋನ್ ಕೆಳಗಿಳಿಯಿತು. ಡಾಕ್ಟರ್ ಸಿರಿಂಜ್ ಜೇಬಿಗೆ ಹಾಕಿಕೊಂಡು, "ಇವರು ಯಾರೋ ನನಗೆ ಗೊತ್ತಿಲ್ಲ," ಎನ್ನುತ್ತಾ ಜನರ ನಡುವೆ ಕರಗಿಹೋದ. ರೆಫರಿಗೆ ಇದ್ದಕ್ಕಿದ್ದಂತೆ ಕಣ್ಣು ಕಾಣತೊಡಗಿತು.

"ಚೆಂಡನ್ನ ಒದ್ದಿದ್ದು ನಾನು ಸ್ಪಷ್ಟವಾಗಿ ನೋಡಿದೀನಿ! ಔಟ್! ಮೈದಾನ ಬಿಟ್ಟು ಹೋಗಿ!"

ಚಾಂಪಿಯನ್ ಸ್ಟಿಕ್ಕನ್ನು ಹುಲ್ಲಿನ ಮೇಲೆ ಇಟ್ಟ. ಎಸೆಯಲಿಲ್ಲ... ಮಲಗಿದ ಮಗುವನ್ನು ಇಡುವ ಹಾಗೆ ಇಟ್ಟ. ಆಮೇಲೆ ತಾನೂ ಅದರ ಪಕ್ಕದಲ್ಲೇ ಕುಸಿದ.

ಆಪರೇಷನ್ ಬಹಳ ಹೊತ್ತು ನಡೆಯಿತು. ಅವನ ಅಮ್ಮ ಕಾರಿಡಾರಿನಲ್ಲಿ ಕೂತೇ ಇದ್ದರು. ಸೋದರಮಾವ ಬಂದ. ಒಡಹುಟ್ಟಿದ ಅಕ್ಕನೇ ಅವನ ಮುಖ ಕೂಡ ನೋಡಲಿಲ್ಲ. ನಿಂತು ನಿಂತು ಸಾಕಾಗಿ ಹೋದ.

ಮಾರನೆಯ ದಿನ ಪಿನ್ ಹಿಡಿದು ನಾನೇ ಹೋದೆ. ಹೆಬ್ಬೆರಳಿಗೆ ತಾಗಿಸಿದೆ ಅಷ್ಟೇ.

"ಅಯ್ಯೋ ಅಮ್ಮಾ!" ಕಿರುಚಿದ. ಅಮ್ಮ, ತಂಗಿ ಇಬ್ಬರೂ ಒಟ್ಟಿಗೆ ಅತ್ತರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಕಣ್ಣಿಗೆ ಧೂಳು ಬಿದ್ದಿತ್ತು ಅಂತ ಇಟ್ಟುಕೊಳ್ಳಿ.

ಆಗಲೇ ನನ್ನ ಫೋನ್ ರಿಂಗಾಯಿತು. ಹಸಿರು ಬಾಟಲಿಯ ಕಂಪನಿಯವನು.

"ಮೇಡಂ, ನಿನ್ನೆಯಿಂದ ನಮ್ಮ ಸರಕು ಅಂಗಡೀಲಿ ನಿಲ್ತಾನೇ ಇಲ್ಲ! ಚಾಂಪಿಯನ್ ಇನ್ಮೇಲೆ ನಮ್ಮವರು! ಯಾವಾಗ ಮೈದಾನಕ್ಕೆ ಬರ್ತಾರೆ?"

"ಬರಲ್ಲ. ಎಷ್ಟೋ ತಿಂಗಳು ಹಾಸಿಗೆ ಬಿಟ್ಟು ಏಳೋ ಹಾಗೇ ಇಲ್ಲ."

ಆ ಕಡೆ ಒಂದು ಕ್ಷಣ ಮೌನ. ನಾಚಿಕೆಯಾಯಿತು ಅಂದುಕೊಂಡೆ.

"ಇನ್ನೂ ಒಳ್ಳೇದಾಯ್ತು ಮೇಡಂ! ನಮ್ಮದು ಹಾಸಿಗೆ ಕಂಪನಿನೂ ಇದೆ!"