ಆಯ್ಕೆ ಸಮಿತಿಗೆ ಅವನು ಬರಲಿಲ್ಲ

"ನನ್ನ ಅರ್ಜಿ ತಡೆದವರು ನೀವೇನ್ರಿ?"

ಬಾಗಿಲು ತಟ್ಟದೆಯೇ ಒಳಗೆ ಬಂದಿದ್ದಳು ನೀಲಾಂಬಿಕಾ. ಸಂಗೀತ ವಿಭಾಗಕ್ಕೆ ಹೊಸದಾಗಿ ಬಂದ ಆಡಳಿತಾಧಿಕಾರಿ ಅಂಬರೀಶನನ್ನು ಅವಳು ನೋಡಿದ್ದು ಅದೇ ಮೊದಲು.

"ಹೌದು ಮೇಡಂ, ನಾನೇ," ಎಂದ ಅವನು ತಣ್ಣಗೆ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗದಗದಿಂದ ಬಂದು ಎಲೆಕ್ಟ್ರಾನಿಕ್ ಸಿಟಿಯ ಈ ವಿಶ್ವವಿದ್ಯಾಲಯದಲ್ಲಿ ಆರು ವರ್ಷದಿಂದ ಹಿಂದೂಸ್ತಾನಿ ಗಾಯನ ಕಲಿಸುತ್ತಿದ್ದಳು. ಪ್ರತಿ ಜೂನ್‌ನಲ್ಲೂ ಕಾಂಟ್ರಾಕ್ಟ್ ಮುಂದುವರಿಯುತ್ತದೋ ಇಲ್ಲವೋ ಎಂಬ ಅಳುಕು. ಈಗ ಮೊದಲ ಸಲ ಕಾಯಂ ಹುದ್ದೆಗೆ ಅರ್ಜಿ ಕರೆದಿದ್ದರು. ಅದಕ್ಕೂ ಇವನು ಅಡ್ಡಗಾಲು ಹಾಕಬೇಕೇ...

ಅಂಬರೀಶ ಕುರ್ಚಿ ತೋರಿಸಿದ. ನಿಧಾನವಾಗಿ ವಿವರಿಸಿದ. ಅವಳಿಗೆ ಪಿಎಚ್.ಡಿ. ಇಲ್ಲ, ಅರ್ಜಿ ಹಾಗೇ ಹೋದರೆ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತದೆ. ವೇದಿಕೆಯಲ್ಲಿ ಹಾಡಿದ ಅನುಭವವಿರುವ ಕಲಾವಿದರಿಗೆ ನಿಯಮದಲ್ಲಿ ಬೇರೆ ದಾರಿಯಿದೆ. ದಾಖಲೆ ತಂದುಕೊಟ್ಟರೆ ಆ ದಾರಿಯಲ್ಲೇ ಕಳಿಸಬಹುದು.

ಜಗಳಕ್ಕೆಂದು ಬಂದವಳು ಕುರ್ಚಿ ಎಳೆದುಕೊಂಡು ಕೂತಳು.

ಮೂರು ವಾರ ಇಬ್ಬರೂ ಕೂತು ಹಳೇ ಆಹ್ವಾನ ಪತ್ರಿಕೆ, ಆಕಾಶವಾಣಿಯ ಪತ್ರಗಳನ್ನೆಲ್ಲ ಜೋಡಿಸಿದರು. ಅವನು ಪಕ್ಕದ ಹೆಬ್ಬಗೋಡಿಯವನೇ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ ಎಂದು ನಗುತ್ತಾ ಹೇಳಿದ್ದ. ಒಂದು ಮಧ್ಯಾಹ್ನ ಮಾತಿನ ನಡುವೆ, "ಒಂದೇ ಸಾಲನ್ನ ನೀವು ಹತ್ತು ಸಲ ಹೇಳಿಕೊಟ್ರೂ ಬೇಜಾರಾಗಲ್ಲ ಮೇಡಂ, ನಾನು ಕ್ಲಾಸಿನ ಹೊರಗೆ ನಿಂತು ಕೇಳಿದೀನಿ," ಎಂದ. ಆಮೇಲೆ ತಾನೇ ನಾಚಿ ತಲೆ ತಗ್ಗಿಸಿದ.

ಅರ್ಜಿ ಹೋಯಿತು. ಮರುವಾರ ಅವನ ಕೋಣೆ ಖಾಲಿ!

ನಗರದ ಇನ್ನೊಂದು ತುದಿಯ ದೊಡ್ಡನೆಕ್ಕುಂದಿ ಕ್ಯಾಂಪಸ್ಸಿನ ಪರೀಕ್ಷಾ ವಿಭಾಗಕ್ಕೆ ತಾನೇ ಕೇಳಿಕೊಂಡು ಹೋದನಂತೆ. ಅವಳು ಫೋನ್ ಮಾಡಿದರೆ ಎತ್ತಲಿಲ್ಲ. ಕೆಲಸದಲ್ಲಿದ್ದೇನೆ ಎಂದು ಒಂದೇ ಒಂದು ಮೆಸೇಜ್ ಕಳಿಸಿದ.

ನಾನೇನಾದರೂ ತಪ್ಪು ಮಾತಾಡಿದೆನಾ? ಅಥವಾ ನಾನೂ ಅವನಿಗೆ ಒಂದು ಫೈಲ್ ಅಷ್ಟೇನಾ? ಹಾಗಿದ್ದರೆ ಬಾಗಿಲ ಹೊರಗೆ ಯಾಕೆ ನಿಂತಿದ್ದ? ಒಂದು ದಿನ ಅವನ ಮೇಲೆ ಸಿಟ್ಟು, ಮರುದಿನ ತನ್ನ ಮೇಲೇ. ಯಾವುದು ನಿಜವೆಂದು ಅವಳಿಗೆ ತಿಳಿಯಲೇ ಇಲ್ಲ.

ಎರಡು ತಿಂಗಳ ಮೇಲೆ ಸಂದರ್ಶನ. ಆಯ್ಕೆ ಸಮಿತಿಗೆ ಅವನ ಹೆಸರು ಮೊದಲೇ ಸೇರಿತ್ತು, ಅದಕ್ಕಾದರೂ ಬರುತ್ತಾನೆ ಎಂದುಕೊಂಡಿದ್ದಳು. ಆ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಅವಳು ಕಣ್ಣುಮುಚ್ಚಿ ಹಾಡಿದಳು.

ಮರುದಿನ ಮಧ್ಯಾಹ್ನ ವಿಭಾಗದ ಮುಖ್ಯಸ್ಥರಾದ ಪಂಚಾಕ್ಷರಿಯವರು ಕರೆದು, ಕೆಲಸ ಅವಳಿಗೇ ಆಗಿದೆ ಎಂದು ತಿಳಿಸಿದರು. ಅಂಬರೀಶ ಯಾಕೆ ಹೋದ ಎಂದು ಅವಳು ಆಗ ಕೇಳಿಯೇ ಬಿಟ್ಟಳು.

"ಆಯ್ಕೆ ಮುಗೀತಲ್ಲ, ಈಗ ಹೇಳಬಹುದಮ್ಮ," ಎಂದರು ಅವರು. "ಅಭ್ಯರ್ಥಿಯೊಬ್ಬರ ಮೇಲೆ ತನಗೆ ಮನಸ್ಸಿದೆ, ಸಮಿತಿಯಲ್ಲಿ ಕೂರೋದು ನ್ಯಾಯವಲ್ಲ ಅಂತ ಬರೆದುಕೊಟ್ಟು ಹೋದ."

ಅವಳು ಸಿಕ್ಕಿದ ಬಸ್ ಹತ್ತಿದಳು. ಖುಷಿಯೋ ಕೋಪವೋ, ದಾರಿಯುದ್ದಕ್ಕೂ ಗೊತ್ತಾಗಲಿಲ್ಲ.

ದೊಡ್ಡನೆಕ್ಕುಂದಿಯಲ್ಲಿ ಅವನು ಮೆಟ್ಟಿಲಿಳಿದು ಬರುತ್ತಿದ್ದ. ಅವಳನ್ನು ಕಂಡು ಅಲ್ಲೇ ನಿಂತ.

"ಪತ್ರದಾಗ ಬರದದ್ದು ಯಾರ ಬಗ್ಗೆ?"

"ಉಳಿದ ಮೂರೂ ಅಭ್ಯರ್ಥಿಗಳು ಗಂಡಸ್ರು ಮೇಡಂ..."

ಅವಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. "ಊರಿಗೆಲ್ಲ ಹೇಳಿದ್ರಿ. ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ, ಕೆಲಸ ನನ್ನಿಂದ ಸಿಕ್ತೇನೋ ಅಂತ ನಿಮಗೇ ಅನುಮಾನ ಬರ್ತಿತ್ತು. ನನಗೆ ಇಲ್ಲ ಅನ್ನೋಕೂ ನಿಮಗೆ ಸಂಕೋಚ ಆಗ್ತಿತ್ತು. ಈಗ ಇಲ್ಲ ಅಂದ್ರೂ ಪರವಾಗಿಲ್ಲ."

"ಇಲ್ಲ ಅನ್ನಾಕ ಇಷ್ಟು ದೂರ ಬರ್ತಾರೇನು ಅಂಬರೀಶ್?"

ಅವನು ಕೊನೆಯ ಮೆಟ್ಟಿಲಿಳಿದು ಅವಳೆದುರು ನಿಂತ.

"ಊಟಕ್ಕ ಹೋಗೂಣು ನಡೀರಿ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಮುಂಜಾನಿಂದ ಏನೂ ತಿಂದಿಲ್ಲ ನಾನು."

"ನಾನೂ ತಿಂದಿಲ್ಲ," ಎಂದ ಅವನು ಮೆಲ್ಲಗೆ. "ಇವತ್ತು ನಿಮ್ಮ ರಿಸಲ್ಟ್ ಅಲ್ವಾ..."