ನೀಲಿ ಉರಿ ಆರುವ ಮುನ್ನ

ತಾವ್‌ಯಾ ಸ್ಟೂಲ್ ಹತ್ತಿ ಚಿಮಣಿಯ ತಗಡನ್ನು ಒಳಕ್ಕೆ ತಳ್ಳಿದಳು. ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಮತ್ತೆ ಬಲವಾಗಿ ತಳ್ಳಿದಾಗ ಕಿರ್ರೆಂದು ಪೂರ್ತಿ ಮುಚ್ಚಿತು.

"ಈಗ ಬಿಸಿ ಹೇಗೆ ಓಡಿಹೋಗತ್ತೆ ನೋಡ್ತೀನಿ," ಎಂದು ಒಲೆಗೆ ಹೇಳಿದಳು.

ಒಲೆಯ ಬಿಸಿ ಗೋಡೆಯಾಚೆಗಿನ ಇಟ್ಟಿಗೆ ಮಂಚದ ಹೊಟ್ಟೆಯೊಳಗೆ ಸುತ್ತಾಡಿ ಚಿಮಣಿ ಸೇರುತ್ತಿತ್ತು. ಬೆಂಕಿ ಆರಿದ ಮೇಲೆ ತಗಡು ಮುಚ್ಚಿದರೆ ಮಂಚ ಬೆಳಗಿನವರೆಗೂ ಬೆಚ್ಚಗಿರುತ್ತಿತ್ತು. ಆದರೆ ಕೆಂಡದ ಮೇಲೆ ಪುಟ್ಟ ಪುಟ್ಟ ನೀಲಿ ಉರಿ ಇನ್ನೂ ಕುಣಿಯುತ್ತಿತ್ತು. ನೀಲಿ ಉರಿ ಇರುವಾಗ ತಗಡು ಮುಟ್ಟಬೇಡ ಎಂದು ಅಜ್ಜಿ ಹೇಳಿದ್ದು ತಾವ್‌ಯಾಗೆ ನೆನಪಿತ್ತು. ಬೆರಳುದ್ದವೂ ಇಲ್ಲದ ಉರಿ, ಅದೇನು ಮಾಡೀತು ಅಂದುಕೊಂಡಳು.

ಅಜ್ಜಿ ಪಕ್ಕದ ಮನೆಗೆ ಎಲೆಕೋಸಿನ ಉಪ್ಪಿನಕಾಯಿ ಹಾಕಲು ಹೋಗಿದ್ದಳು. ಅಪ್ಪ ಅಮ್ಮ ದೂರದ ದಕ್ಷಿಣದಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದರು. "ಅಜ್ಜಿಗೆ ಕಣ್ಣು ಮಂಜು, ನೀನು ಚಿಕ್ಕವಳು. ಈ ಚಳಿಗಾಲ ನಿಮ್ಮಿಬ್ರಿಂದ ಆಗಲ್ಲ ಅಂದ್ರೆ ಹಾಸ್ಟೆಲ್ಲಿಗೆ ಸೇರಿಸ್ತೀನಿ," ಎಂದು ಅಮ್ಮ ಹಿಂದಿನ ವಾರ ಫೋನಿನಲ್ಲಿ ಹೇಳಿದ್ದಳು. ಅದಕ್ಕೇ ಇವತ್ತು ತಾವ್‌ಯಾ ಒಬ್ಬಳೇ ಬೆಂಕಿ ಹಾಕಿದ್ದಳು. ಸಂಜೆ ಅಮ್ಮ ಕಾಲ್ ಮಾಡಿದಾಗ, ಎಲ್ಲ ನಾನೇ ಮಾಡಿದೆ ಎನ್ನಬೇಕಿತ್ತು.

ಮಂಚದ ಮೇಲೆ ಕೂತು ಪುಸ್ತಕ ತೆರೆದಳು. ಮನೆಯಲ್ಲಿ ಒಂದು ದನಿಯಾದರೂ ಇರಲಿ ಎಂದು ಪಾಠವನ್ನು ಗಟ್ಟಿಯಾಗಿ ಓದಿದಳು. ಆಚೆ ಹಿಮ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ಒಬ್ಬಳೇ ಇದ್ದು ಬೇಸರವಾದ ದಿನ ಹಾಗಾಗುವುದು ಅವಳಿಗೆ ಹೊಸದಲ್ಲ. ಪುಸ್ತಕದ ಮೇಲೇ ತಲೆಯಿಟ್ಟಳು.

ಯಾರೋ ಅವಳ ತೋಳು ಹಿಡಿದೆಳೆದರು. ಕಣ್ಣು ಬಿಟ್ಟಾಗ ಅವಳು ಅಂಗಳದ ಚಳಿಯಲ್ಲಿದ್ದಳು. ಅಜ್ಜಿ ತನ್ನ ಕೋಟನ್ನು ಅವಳಿಗೆ ಸುತ್ತುತ್ತಿದ್ದಳು.

"ತಲೆ ನೋಯ್ತಿದ್ಯಾ? ವಾಂತಿ ಬರೋ ಹಾಗಿದ್ಯಾ?"

"ತಲೆ ಅಷ್ಟೇ. ಹೊಗೆ ಇರಲೇ ಇಲ್ಲವಲ್ಲ ಅಜ್ಜಿ."

"ಹೊಗೆ ಬಂದಿದ್ರೆ ಕೆಮ್ಮಿ ಎದ್ದು ಓಡ್ತಿದ್ದೆ, ಮೂಲಂಗಿ ತಲೆಯವಳೇ. ಕೆಂಡದ ಈ ವಿಷಗಾಳಿ ಕಾಣಲ್ಲ, ವಾಸನೇನೂ ಇಲ್ಲ. ನಿದ್ದೆ ಥರ ಬರತ್ತೆ. ನೀಲಿ ಉರಿ ನಂಗೆ ಬಾಗಿಲಿಂದಲೇ ಕಾಣಿಸ್ತು."

ಅಜ್ಜಿ ಮೂಗಿಗೆ ಸ್ಕಾರ್ಫ್ ಒತ್ತಿಕೊಂಡು ಒಳಗೆ ಓಡಿ ತಗಡು ಎಳೆದಳು, ಕಿಟಕಿ ಬಾಗಿಲೆಲ್ಲ ತೆರೆದಳು. ಪಕ್ಕದ ಮನೆಯವರು ಊರ ಡಾಕ್ಟರನ್ನು ಕರೆತಂದರು. ಅವರು ತಾವ್‌ಯಾಳ ಕಣ್ಣು, ನಾಡಿ ನೋಡಿ, ಬೆರಳಿಗೆ ಮೆಷಿನ್ನೂ ಸಿಕ್ಕಿಸಿದರು.

"ಬೇಗ ನೋಡಿದ್ರಿ, ಬದುಕಿದಳು. ತಲೆನೋವು ಹೆಚ್ಚಾದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ," ಎಂದರು.

ಕೆಂಡ ಪೂರ್ತಿ ಆರಿತು. ಇಬ್ಬರೂ ದಪ್ಪ ಕೋಟು ಹಾಕಿಕೊಂಡು, ತೆರೆದ ಬಾಗಿಲ ಬಳಿ ಕೂತರು. ಆಗ ಅಮ್ಮನ ವಿಡಿಯೋ ಕಾಲ್ ಬಂತು.

"ಇದೇನು, ಬಾಗಿಲು ತೆಗೆದು ಕೂತಿದ್ದೀರಾ ಅತ್ತೆ?"

ತಾವ್‌ಯಾ ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದಳು, "ನಂದೇ ತಪ್ಪು. ಕಣ್ಣು ಕಾಣ್ಲಿಲ್ಲ, ತಗಡು ಬೇಗ ಮುಚ್ಚಿಬಿಟ್ಟೆ."

ಅಮ್ಮ ಫೋನನ್ನು ಮುಖದ ಹತ್ತಿರಕ್ಕೆ ತಂದಳು. ಹಿಂದಿನಿಂದ ಫ್ಯಾಕ್ಟರಿಯ ಸದ್ದು ಕೇಳುತ್ತಿತ್ತು.

"ಹಾಸ್ಟೆಲ್ ವಿಷಯ ನೀನು ಹೇಳಿದ ಹಾಗೇ ಆಗ್ಲಿ ಕಣಮ್ಮ," ಎಂದಳು ಅಜ್ಜಿ. "ಮಗು ಚೆನ್ನಾಗಿದ್ರೆ ಸಾಕು."

ಫೋನಿಗೆ ಕಾಣದ ಹಾಗೆ ಅಜ್ಜಿಯ ಇನ್ನೊಂದು ಕೈ ತಾವ್‌ಯಾಳ ತೋಳನ್ನು ಹಿಡಿದುಕೊಂಡಿತ್ತು. ಹಿಡಿತ ಬಿಗಿಯಾಗುತ್ತಲೇ ಇತ್ತು.

"ಅಜ್ಜಿ ಸುಳ್ಳು ಹೇಳ್ತಿದ್ದಾಳೆ ಅಮ್ಮ. ಮುಚ್ಚಿದ್ದು ನಾನು," ಎಂದಳು ತಾವ್‌ಯಾ. "ನೀಲಿ ಉರಿ ಇತ್ತು, ನೋಡಿದ್ದೆ. ಆದ್ರೂ ಮುಚ್ಚಿದೆ. ಅಜ್ಜಿಗೆ ಅದು ಬಾಗಿಲಿಂದಲೇ ಕಾಣಿಸ್ತು."

ಅಮ್ಮ ಕಣ್ಣೊರೆಸಿಕೊಂಡಳು. "ಗ್ಯಾಸ್ ಅಲಾರಂ ಕಳಿಸ್ತೀನಿ. ಅದು ಬರೋವರೆಗೆ ಪಕ್ಕದ ಮನೇಲಿ ಮಲಗಿ. ಹಾಸ್ಟೆಲ್ ಮಾತು ಹಬ್ಬಕ್ಕೆ ಬಂದಾಗ ಆಡೋಣ."

ಕಾಲ್ ಮುಗಿಯಿತು. ಇಷ್ಟು ದಿನ ಹಾಸ್ಟೆಲ್ ಎಂದಾಗೆಲ್ಲ ತಾವ್‌ಯಾಗೆ ಬ್ಯಾಗ್ ಹೊತ್ತು ಹೊರಟ ತಾನೊಬ್ಬಳೇ ಕಾಣುತ್ತಿದ್ದಳು. ಇವತ್ತು ತಾನು ಹೋದ ಮೇಲಿನ ಮನೆ ಕಂಡಿತು. ಅಲ್ಲಿ ಅಜ್ಜಿ ಒಂದೇ ಬಟ್ಟಲು ತೊಳೆದು ಬೋರಲು ಹಾಕುತ್ತಿದ್ದಳು.

ತಾವ್‌ಯಾ ಅಜ್ಜಿಯ ಪಕ್ಕಕ್ಕೆ ಇನ್ನಷ್ಟು ಸರಿದು ಕೂತಳು.